ಗಾಳಿ ವಿದ್ಯುತ್ತೂ ಗಾಳಿ ಮಾತೂ

(ಸಂಘದ ರಜತ ಮಹೋತ್ಸವದ ಎರಡನೆಯ ದಿನ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರ ಅಪೇಕ್ಷೆಯಂತೆ ಬರೆದುಕೊಟ್ಟದ್ದು.)



ಇಪ್ಪತ್ತೈದು ವರ್ಷಗಳ ಹಿಂದೆ ಚಾವಡಿಯ ಒಂದು ಕೋಣೆಯಲ್ಲಿ, ಒಂದು ಮುರುಕು ಕುರ್ಚಿ ಮತ್ತು ಒಂದು ತಗಡಿನ ಟ್ರಂಕಿನೊಂದಿಗೆ ಆರಂಭವಾದ ನಮ್ಮ ಸೊಸೈಟಿ ಇಂದು ಸ್ವಂತ ಕಟ್ಟಡ, ಸ್ವಂತ ಗೋದಾಮು ಹೊಂದಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಮೊದಲು ಶೇರು ಹಾಕಿದ ಹಿರಿಯರಲ್ಲಿ ಅನೇಕರು ಇಂದು ನಮ್ಮೊಂದಿಗಿಲ್ಲ. ಅವರನ್ನು ನೆನೆದು ನನ್ನ ಮಾತು ಆರಂಭಿಸುತ್ತೇನೆ.

ಭಾಷಣಕ್ಕೆ ಕರೆದಾಗ ನಾನು "ನಾ ಭಾಷಣ ಮಾಡಾಂವ ಅಲ್ಲಪಾ, ಕಂಬ ಹತ್ತಿ ಇಳದಾಂವ" ಅಂದೆ. ಕಾರ್ಯದರ್ಶಿಗಳು ಬಿಡಲಿಲ್ಲ. "ಕಾಕಾ, ನೀವು ವಿದ್ಯುತ್ ಇಲಾಖೆದಾಗ ಮೂವತ್ತು ವರ್ಷ ನೌಕರಿ ಮಾಡೀರಿ. ಮಗಳ ಮನೀಗಂತ ಅಮೇರಿಕಾಕ್ಕೂ ಹೋಗಿ ಬಂದೀರಿ. ಈಗ ಊರಾಗ ಫ್ಯಾನಿಂದ ಸುದ್ದಿ ನಡದೈತಿ. ಅದನ್ನ ನಾಕು ಮಂದಿ ಮುಂದ ಹೇಳ್ರಿ" ಅಂದರು. ಆದ್ದರಿಂದ ಇಂದು ಗಾಳಿ ವಿದ್ಯುತ್ತಿನ ಬಗ್ಗೆ, ಅದನ್ನು ಹಿಡಿದುಕೊಂಡು ಮತ ಕೇಳಲು ಬರುವವರ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಸೊಸೈಟಿಯ ವೇದಿಕೆಯಲ್ಲಿ ಪಕ್ಷದ ಮಾತು ಬೇಡ ಎಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ಅದನ್ನು ನಾನು ಮೀರುವುದಿಲ್ಲ. ನಮ್ಮ ಕಡೆಯ ಯಾರ ಹೆಸರನ್ನೂ ಎತ್ತುವುದಿಲ್ಲ. ದೂರದ ಒಂದು ರಾಜ್ಯದ ಕತೆ ಹೇಳುತ್ತೇನೆ, ಹೋಲಿಕೆ ನೀವೇ ಮಾಡಿಕೊಳ್ಳಿರಿ.

ಆ ರಾಜ್ಯದ ಹೆಸರು ಅಯೋವಾ. ಅಮೇರಿಕದ ನಟ್ಟನಡುವೆ ಇದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸಣ್ಣದು. ಜನಸಂಖ್ಯೆ ಬರೀ 32 ಲಕ್ಷದ ಆಸುಪಾಸು. ಅಮೇರಿಕ ಅಂದರೆ ನಮಗೆ ಮುಗಿಲು ಮುಟ್ಟುವ ಕಟ್ಟಡ ಕಣ್ಣಿಗೆ ಬರುತ್ತದೆ. ಅಲ್ಲಿ ನಾನು ನೋಡಿದ್ದು ಗೋವಿನಜೋಳದ ಹೊಲ, ಸೋಯಾ ಹೊಲ, ಹಂದಿ ಸಾಕುವ ಶೆಡ್ಡು. ನೆಲ ನಮ್ಮ ಎರಿ ಹೊಲದಂತೆಯೇ ಕಪ್ಪು. ಆ ಹೊಲಗಳ ನಡುವೆ ಸಾಲುಸಾಲಾಗಿ ಗಾಳಿಯಂತ್ರ. ನಮ್ಮ ಕಪ್ಪತಗುಡ್ಡದ ಕಡೆ ಹೋದರೆ ಕಾಣುವ ಹಾಗೆಯೇ. ನನಗಂತೂ ಊರಿಗೇ ಬಂದಂತಾಯಿತು. 2020ರಿಂದೀಚೆಗೆ ಆ ರಾಜ್ಯದಲ್ಲಿ ತಯಾರಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದೇ. ಅಮೇರಿಕದ ಬೇರೆ ಯಾವ ರಾಜ್ಯದಲ್ಲೂ ಗಾಳಿಯ ಪಾಲು ಇಷ್ಟಿಲ್ಲ.

ಇದು ಹೇಗಾಯಿತು? ಗಾಳಿ ಒಂದಿದ್ದರೆ ಸಾಲದು. ಗಾಳಿ ಅಲ್ಲಿ ಮೊದಲಿನಿಂದಲೂ ಬೀಸುತ್ತಿತ್ತು.

1983ರಲ್ಲಿ ಅಲ್ಲಿನ ಗವರ್ನರ್ ಟೆರಿ ಬ್ರಾನ್‌ಸ್ಟಾಡ್ ಒಂದು ಕಾಯದೆಗೆ ಸಹಿ ಹಾಕಿದರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ. ಖಾಸಗಿ ವಿದ್ಯುತ್ ಕಂಪನಿಗಳು ಗಾಳಿಯಂಥ ಮೂಲಗಳಿಂದ ಒಟ್ಟು 105 ಮೆಗಾವ್ಯಾಟ್ ಪಡೆಯಲೇಬೇಕು ಎಂದು ಆ ಕಾಯದೆ ಹೇಳಿತು. ಅಮೇರಿಕದಲ್ಲಿ ಇಂಥ ಕಾಯದೆ ಅದೇ ಮೊದಲು. ಆದರೆ ಕಾಯದೆ ಆದ ಮಾತ್ರಕ್ಕೆ ಫ್ಯಾನು ತಿರುಗಲಿಲ್ಲ. ಕಂಪನಿಗಳು ತಕರಾರು ತೆಗೆದವು, ವ್ಯಾಜ್ಯ ನಡೆಯಿತು. ದೊಡ್ಡ ಗಾಳಿ ಫಾರ್ಮುಗಳು ಏಳುವ ಹೊತ್ತಿಗೆ 1999 ಬಂದಿತ್ತು. ಹದಿನಾರು ವರ್ಷ ಹೋದವು. ಆದರೂ ಕಾಗದದ ಮೇಲೆ ಇದ್ದದ್ದರಿಂದ ಅದು ಸಾಯಲಿಲ್ಲ.

ಎರಡನೆಯದು 1992ರದ್ದು. ಚಕ್ ಗ್ರಾಸ್ಲಿ ಎಂಬ ಸೆನೆಟರ್ ಅದೇ ರಾಜ್ಯದವರು, ಸ್ವತಃ ರೈತ ಕುಟುಂಬದವರು. ಗಾಳಿಯಿಂದ ತಯಾರಿಸಿದ ಪ್ರತಿ ಯೂನಿಟ್ಟಿಗೆ ಒಂದೂವರೆ ಸೆಂಟ್‌ನಂತೆ ಹತ್ತು ವರ್ಷ ತೆರಿಗೆ ರಿಯಾಯಿತಿ ಕೊಡುವ ವ್ಯವಸ್ಥೆಯನ್ನು ಅವರು ದೇಶದ ಕಾಯದೆಯಲ್ಲಿ ತಂದರು. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿರಿ. ರಿಯಾಯಿತಿ ಯಂತ್ರ ನಿಲ್ಲಿಸಿದ್ದಕ್ಕಲ್ಲ, ಯಂತ್ರ ತಿರುಗಿ ಕರೆಂಟು ಬಂದದ್ದಕ್ಕೆ. ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಬೇರೆ ರೀತಿ ಇತ್ತು. ಯಂತ್ರದ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಸವಕಳಿ ಎಂದು ತೋರಿಸಿ ಆದಾಯ ತೆರಿಗೆ ಉಳಿಸಬಹುದಿತ್ತು. ಹೀಗಾಗಿ ತೆರಿಗೆ ಉಳಿಸುವುದಕ್ಕೆಂದೇ ಫ್ಯಾನು ನಿಲ್ಲಿಸಿದವರೂ ಇದ್ದರು. ಅದು ತಿರುಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕೂಲಿಯನ್ನು ಹೊಲಕ್ಕೆ ಬಂದದ್ದಕ್ಕೆ ಕೊಡುವುದಕ್ಕೂ ಕಳೆ ತೆಗೆದದ್ದಕ್ಕೆ ಕೊಡುವುದಕ್ಕೂ ಎಷ್ಟು ಫರಕು ಅನ್ನುವುದು ನಿಮಗೇ ಗೊತ್ತು.

ಮೂರನೆಯದು ಊರಿನ ಪಾಲು. ಅಯೋವಾದಲ್ಲಿ 99 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ. ಗಾಳಿಯಂತ್ರಕ್ಕೆ ಕೌಂಟಿಯವರು ಆಸ್ತಿ ತೆರಿಗೆ ಹಾಕಬಹುದು. ಅದಕ್ಕೆ ಒಂದು ಮೆಟ್ಟಿಲು ಮಾಡಿದ್ದಾರೆ. ಮೊದಲ ವರ್ಷ ತೆರಿಗೆಯ ಲೆಕ್ಕಕ್ಕೆ ಯಂತ್ರದ ಬೆಲೆ ಸೊನ್ನೆ. ಆಮೇಲೆ ವರ್ಷಕ್ಕೆ ನೂರಕ್ಕೆ 5ರಂತೆ ಏರಿ, ಏಳನೆಯ ವರ್ಷದಿಂದ ನೂರಕ್ಕೆ 30ರಷ್ಟನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ದುಡ್ಡು ಅಲ್ಲಿನ ರಸ್ತೆಗೆ, ಸಾಲೆಗೆ, ದವಾಖಾನೆಗೆ ಹೋಗುತ್ತದೆ. ಸ್ಪಿರಿಟ್ ಲೇಕ್ ಎಂಬ ಊರಿನ ಸಾಲೆಯವರಂತೂ 1993ರಲ್ಲಿ ತಮ್ಮದೇ 250 ಕಿಲೋವ್ಯಾಟಿನ ಗಾಳಿಯಂತ್ರ ನಿಲ್ಲಿಸಿದರು. 2001ರಲ್ಲಿ 750 ಕಿಲೋವ್ಯಾಟಿನ ಇನ್ನೊಂದನ್ನು ಹಾಕಿದರು. ಇನ್ನು ಹೊಲದವನ ಮಾತು. ಅಲ್ಲಿಯ ರೈತ ಹೊಲ ಮಾರುವುದಿಲ್ಲ, ಲಾವಣಿಗೆ ಕೊಡುತ್ತಾನೆ. ಒಂದು ಯಂತ್ರಕ್ಕೆ ವರ್ಷಕ್ಕೆ ಹಲವು ಸಾವಿರ ಡಾಲರ್ ಬರುತ್ತದೆ. ಯಂತ್ರದ ಬುಡದವರೆಗೂ ಉಳುಮೆ ಮಾಡಿಕೊಂಡಿರುತ್ತಾನೆ. ಮಳೆ ಕೈಕೊಟ್ಟ ವರ್ಷವೂ ಆ ದುಡ್ಡು ತಪ್ಪುವುದಿಲ್ಲ.

ಈಗ ಚುನಾವಣೆಯ ಮಾತಿಗೆ ಬರುತ್ತೇನೆ.

ಅಮೇರಿಕದ ಅಧ್ಯಕ್ಷರ ಚುನಾವಣೆಯ ಮೊದಲ ಸುತ್ತು 1972ರಿಂದ ದಶಕಗಳ ಕಾಲ ಅಯೋವಾದಿಂದಲೇ ಶುರುವಾಗುತ್ತಿತ್ತು. ಅಧ್ಯಕ್ಷನಾಗಬೇಕು ಅನ್ನುವವನು ಮೊದಲು ಅಲ್ಲಿನ ಹಳ್ಳಿಗಳನ್ನು ಸುತ್ತಬೇಕು, ರೈತರ ಕೈ ಕುಲುಕಬೇಕು, ಜಾತ್ರೆಯಲ್ಲಿ ನಿಂತು ಮಾತಾಡಬೇಕು. ಅಲ್ಲಿ ಗಾಳಿ ವಿದ್ಯುತ್ತಿನ ವಿರುದ್ಧ ಮಾತಾಡುವುದು ನಮ್ಮಲ್ಲಿ ಕಾರಹುಣ್ಣಿಮೆಯ ದಿನ ಎತ್ತುಗಳ ವಿರುದ್ಧ ಮಾತಾಡಿದ ಹಾಗೆ.

2006ರಲ್ಲಿ ಚೆಟ್ ಕಲ್ವರ್ ಎಂಬ ಅಭ್ಯರ್ಥಿ, ಇಂಧನದ ಹೊಸ ಮೂಲಗಳಿಗಾಗಿ 10 ಕೋಟಿ ಡಾಲರಿನ ನಿಧಿ ಮಾಡುತ್ತೇನೆ ಎಂದು ಹೇಳಿ ಗವರ್ನರ್ ಆದರು. 2007ರಲ್ಲಿ ನಿಧಿಯ ಕಾಯದೆ ಮಾಡಿಯೂ ತೋರಿಸಿದರು. ಆದರೆ 2010ರಲ್ಲಿ ಸೋತರು. ನಿಧಿ 2011ರಲ್ಲಿ ಮುಗಿಯಿತು. ಅದನ್ನು ಮುಗಿಸಿದ್ದು ಮತ್ತೆ ಆರಿಸಿಬಂದ ಬ್ರಾನ್‌ಸ್ಟಾಡ್ ಸರ್ಕಾರ. 1983ರಲ್ಲಿ ಮೊದಲ ಕಾಯದೆಗೆ ಸಹಿ ಹಾಕಿದವರೇ ಅವರು. ಒಬ್ಬರು ತಂದ ನಿಧಿ ಅವರೊಂದಿಗೇ ಹೋಯಿತು. ಆದರೆ ಕೌಂಟಿಯ ತೆರಿಗೆ, ರೈತನ ಲಾವಣಿ ಹೋಗಲಿಲ್ಲ.

2012ರಲ್ಲಿ ಒಂದು ಮಜಾ ನಡೆಯಿತು. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಮಿಟ್ ರೋಮ್ನಿ, ಗಾಳಿಯ ತೆರಿಗೆ ರಿಯಾಯಿತಿ ವರ್ಷದ ಕೊನೆಗೆ ಮುಗಿದುಹೋಗಲಿ ಎಂಬ ನಿಲುವು ತೆಗೆದುಕೊಂಡರು. ಅಯೋವಾದ ಅವರದೇ ಪಕ್ಷದ ಗವರ್ನರ್, ಅವರದೇ ಪಕ್ಷದ ಸೆನೆಟರ್ ಬಹಿರಂಗವಾಗಿ "ಇದು ಸರಿಯಲ್ಲ" ಅಂದರು. ಎದುರು ಪಕ್ಷದ ಒಬಾಮ ಅವರು ಅಯೋವಾಕ್ಕೆ ಬಂದು, ರಿಯಾಯಿತಿ ಮುಂದುವರಿಸಬೇಕು ಎಂದು ಪ್ರಚಾರ ಮಾಡಿದರು. ಒಬಾಮ ಅಯೋವಾದಲ್ಲಿ ಗೆದ್ದರು. ಗೆಲುವಿಗೆ ಹತ್ತು ಕಾರಣ ಇರುತ್ತವೆ, ಗಾಳಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ಪಕ್ಷದ ದೊಡ್ಡ ನಾಯಕನಿಗೆ ಊರಿನ ನಾಯಕರು ಎದುರಾಡಿದರು. ಯಾಕೆ? ಅವರ ಹಿಂದೆ ವರ್ಷವರ್ಷ ಚೆಕ್ಕು ಪಡೆಯುವ ರೈತರಿದ್ದರು, ತೆರಿಗೆ ಪಡೆಯುವ ಸಾಲೆಗಳಿದ್ದವು. ರಿಯಾಯಿತಿ 2013ರ ಜನವರಿಯಲ್ಲಿ ಮುಂದುವರಿಯಿತು.

ಅದೇ ರಾಜ್ಯದಲ್ಲಿ ನ್ಯೂಟನ್ ಎಂಬ ಪಟ್ಟಣ ಇದೆ. ಬಟ್ಟೆ ಒಗೆಯುವ ಮಷೀನು ಮಾಡುವ ಮೇಟ್ಯಾಗ್ ಕಾರ್ಖಾನೆಯಿಂದ ಬದುಕಿದ್ದ ಊರು. 2007ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಅಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ, ಕಂಬ ಮಾಡುವ ಕಾರ್ಖಾನೆಗಳು ಬಂದವು. 2009ರಲ್ಲಿ ಅಧ್ಯಕ್ಷ ಒಬಾಮ ಅಲ್ಲಿಗೆ ಬಂದು ಭಾಷಣ ಮಾಡಿದರು. 2015ರ ನವೆಂಬರಿನಲ್ಲಿ ಪ್ರಚಾರಕ್ಕೆ ಅದೇ ಊರಿಗೆ ಬಂದ ಟ್ರಂಪ್ ಅವರೂ ಗಾಳಿಗೆ ಸಹಾಯಧನ ಕೊಡುವುದಕ್ಕೆ ತಮ್ಮ ಅಡ್ಡಿಯಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಅವರೇ 2025ರ ಜನವರಿಯಲ್ಲಿ ಎರಡನೆಯ ಸಲ ಅಧಿಕಾರಕ್ಕೆ ಬಂದ ದಿನ, ಸರ್ಕಾರಿ ನೆಲ ಮತ್ತು ಸಮುದ್ರದಲ್ಲಿ ಹೊಸ ಗಾಳಿ ಯೋಜನೆಗಳಿಗೆ ತಡೆ ಹಾಕಿದರು. ಅದೇ ವರ್ಷದ ಜುಲೈ 4ರಂದು ಸಹಿಯಾದ ಕಾಯದೆ, ಗಾಳಿಯ ತೆರಿಗೆ ರಿಯಾಯಿತಿಯನ್ನು ಬೇಗನೆ ಮುಗಿಸುವ ಗಡುವು ಇಟ್ಟಿತು. ಆಗಲೂ ತೊಂಬತ್ತು ದಾಟಿದ ಗ್ರಾಸ್ಲಿ, ಅದೇ ಪಕ್ಷದವರಾಗಿದ್ದೂ, ಕಟ್ಟಲು ಶುರು ಮಾಡಿದವರಿಗೆ ಅನ್ಯಾಯ ಆಗಬಾರದು ಎಂದು ಹಟ ಹಿಡಿದರು. ಸರ್ಕಾರದ ಖಜಾನೆ ಇಲಾಖೆಯ ನೇಮಕಗಳನ್ನೇ ಕೆಲಕಾಲ ತಡೆಹಿಡಿದರು.

ಇದರಿಂದ ನಾನು ಕಲಿತದ್ದು ಒಂದೇ ಮಾತು. ಅಭ್ಯರ್ಥಿ ವೇದಿಕೆಯ ಮೇಲೆ ಆಡಿದ್ದು ಗಾಳಿ ಮಾತು. ಅದು ಬಂದ ಹಾಗೆ ಹೋಗುತ್ತದೆ. ಕಾಯದೆಯಲ್ಲಿ ಬರೆದದ್ದು ಸ್ವಲ್ಪ ನಿಲ್ಲುತ್ತದೆ. ಆದರೆ ಬರೆದದ್ದೂ ನಿಲ್ಲಬೇಕಾದರೆ, ಊರಿಗೆ ಅದರಲ್ಲಿ ವರ್ಷವರ್ಷದ ಪಾಲು ಇರಬೇಕು. ಪಾಲು ಇದ್ದವರು ಕಾಯುತ್ತಾರೆ.

ಅಲ್ಲಿ ಎಲ್ಲ ಬಂಗಾರ ಎಂದು ತಿಳಿಯಬೇಡಿರಿ. ನ್ಯೂಟನ್ನಿನ ರೆಕ್ಕೆ ಕಾರ್ಖಾನೆ 2021ರ ಕೊನೆಗೆ ನಿಂತು ನೂರಾರು ಜನರ ಕೆಲಸ ಹೋಯಿತು. ಕೆಲವು ವರ್ಷದ ಮೇಲೆ ಮತ್ತೆ ತೆರೆಯಿತು. ಫ್ಯಾನು ಯಾರ ಹೊಲದಲ್ಲಿ ಇದೆಯೋ ಅವರಿಗೆ ದುಡ್ಡು. ಪಕ್ಕದ ಹೊಲದವನಿಗೆ ಬರೀ ಸಪ್ಪಳ, ಸಂಜೆ ಓಡಾಡುವ ನೆರಳು. ಹೀಗಾಗಿ ಅಕ್ಕಪಕ್ಕದವರಲ್ಲಿ ಮಾತು ನಿಂತ ಊರುಗಳೂ ಇವೆ. ಮ್ಯಾಡಿಸನ್ ಎಂಬ ಕೌಂಟಿಯವರು 2020ರಲ್ಲಿ ಹೊಸ ಯಂತ್ರಗಳಿಗೆ ಕಟ್ಟುನಿಟ್ಟಿನ ನಿಯಮ ಮಾಡಿದರು. ಬೇಕು ಅನ್ನುವ ಹಕ್ಕು ಹೇಗೋ ಬೇಡ ಅನ್ನುವ ಹಕ್ಕೂ ಊರಿಗೆ ಇರಬೇಕು. ನಮ್ಮ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದ್ದೂ ಜನ ಎದ್ದು ನಿಂತದ್ದರಿಂದಲೇ. ಗಾಳಿಯೂ ಬೇಕು, ಗುಡ್ಡವೂ ಬೇಕು. ಎಲ್ಲಿ ಯಾವುದು ಅನ್ನುವುದನ್ನು ಕೂತು ನಿರ್ಧರಿಸಬೇಕು.

ಇಲ್ಲಿಯವರೆಗೆ ಪರಊರಿನ ಕತೆ ಹೇಳಿದೆ. ಈಗ ನನ್ನ ಮನೆಯ ಕತೆ. ಇದನ್ನು ಹೇಳಬೇಕೋ ಬೇಡವೋ ಎಂದು ರಾತ್ರಿ ಬಹಳ ಹೊತ್ತು ಯೋಚಿಸಿದೆ. ನಮ್ಮ ಅಣ್ಣ ಇಲ್ಲೇ ಮುಂದೆ ಕುಳಿತಿದ್ದಾನೆ. "ಹೇಳು, ನಾಕು ಮಂದಿಗೆ ಉಪಯೋಗ ಆಗ್ಲಿ" ಅಂದ.

ಕೆಲವು ವರ್ಷಗಳ ಹಿಂದೆ ನಮ್ಮ ಗುಡ್ಡದ ಕಡೆಯ ಹೊಲಕ್ಕೆ ಒಂದು ಕಂಪನಿಯ ಏಜಂಟರು ಬಂದರು. "ಗುಡ್ಡದ ಹೊಲ, ಏನ್ ಬೆಳೀತೀರಿ ಇದ್ರಾಗ, ಒಂದು ಎಕರೆ ಕೊಡ್ರಿ" ಅಂದರು. ಆ ವರ್ಷ ಅಣ್ಣನ ಮಗಳ ಮದುವೆ. ಅಣ್ಣ ನನಗೆ ಫೋನ್ ಮಾಡಿದ: "ತಮ್ಮಾ, ನೀ ಕರೆಂಟ್ ಆಫೀಸಿನ್ಯಾಂವ. ಕಾಗದ ನೋಡಿ ಹೇಳು, ನೀ ಹೂಂ ಅಂದ್ರ ಸಹಿ ಮಾಡ್ತೀನಿ." ನಾನು ಬಂದೆ, ನೋಡಿದೆ. ಏನು ನೋಡಿದೆ? ದರ ಒಂದನ್ನೇ ನೋಡಿದೆ. ಅಲ್ಲಿನ ಪೇಟೆ ದರಕ್ಕಿಂತ ಜಾಸ್ತಿ ಇತ್ತು. "ಮಾಡಿಬಿಡಣ್ಣ" ಅಂದೆ. ಅದು ಖರೀದಿ ಪತ್ರ. ಲಾವಣಿ ಕರಾರು ಕೇಳಬಹುದಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಯೂನಿಟ್ಟಿನ ಲೆಕ್ಕ ಮಾಡಿದ ನಾನು, ನಮ್ಮ ಹೊಲದಲ್ಲಿ ಎಷ್ಟು ಯೂನಿಟ್ಟು ಆಗುತ್ತದೆ ಎಂದು ಆ ದಿನ ಲೆಕ್ಕ ಮಾಡಲಿಲ್ಲ.

ಆ ಲೆಕ್ಕ ಈಗ ಮಾಡೋಣ. 2 ಮೆಗಾವ್ಯಾಟ್ ಯಂತ್ರ, ಅಂದರೆ 2,000 ಕಿಲೋವ್ಯಾಟ್. ವರ್ಷಕ್ಕೆ 8,760 ತಾಸು. ಗಾಳಿ ಯಾವಾಗಲೂ ಬೀಸುವುದಿಲ್ಲ. ನಮ್ಮ ಕಡೆ ಹೆಚ್ಚಿನ ಗಾಳಿ ಮುಂಗಾರಿನ ನಾಲ್ಕು ತಿಂಗಳಿನದೇ. ಆದ್ದರಿಂದ ಪೂರ್ತಿ ಸಾಮರ್ಥ್ಯದ ನಾಲ್ಕನೆಯ ಒಂದು ಪಾಲು ಮಾತ್ರ ಹಿಡಿಯೋಣ. ಆದರೂ ವರ್ಷಕ್ಕೆ 43 ಲಕ್ಷ 80 ಸಾವಿರ ಯೂನಿಟ್ಟು! ಹೊಲದವನು ಯೂನಿಟ್ಟಿಗೆ ಬರೀ ಐದು ಪೈಸೆ ಕೇಳಿದರೂ ವರ್ಷಕ್ಕೆ 2 ಲಕ್ಷ 19 ಸಾವಿರ ರೂಪಾಯಿ. ಇಪ್ಪತ್ತು ವರ್ಷಕ್ಕೆ ಎಷ್ಟಾಯಿತು, ಮನೆಯಲ್ಲಿ ಸಾಲೆಗೆ ಹೋಗುವ ಮಕ್ಕಳಿಂದ ಗುಣಾಕಾರ ಮಾಡಿಸಿರಿ. ಕಂಪನಿಯವರು ಐದು ಪೈಸೆ ಕೊಡುತ್ತಾರೋ ಎರಡೇ ಕೊಡುತ್ತಾರೋ, ಅದು ಬೇರೆ ಮಾತು. ಕೇಳದಿದ್ದರೆ ಒಂದು ಪೈಸೆಯೂ ಬರುವುದಿಲ್ಲ.

ಖರೀದಿಯಾದ ಎಕರೆ ಹೋಯಿತು. ಕ್ರೇನು ತರಲು ಮಾಡಿದ ದಾರಿಯಲ್ಲಿ ಇನ್ನಷ್ಟು ಗುಂಟೆ ಕೆಟ್ಟಿತು. ಒಡ್ಡು ಒಡೆದು ಮಳೆನೀರು ಕೆಳಗಿನ ಕಡಲೆ ಹೊಲಕ್ಕೆ ನುಗ್ಗಿತು. ಯಾರನ್ನು ಕೇಳುವುದು? ಏಜಂಟರ ಫೋನು ಎತ್ತುವವರಿಲ್ಲ. ಎರಡು ವರ್ಷಕ್ಕೆ ಗೇಟಿನ ಮೇಲಿನ ಬೋರ್ಡೇ ಬದಲಾಯಿತು. ಹೊಸಬರು "ಅದು ನಮಗ ಸಂಬಂಧ ಇಲ್ರಿ" ಅಂದರು. ಅಣ್ಣ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಒಮ್ಮೆ ಹೊಲದಲ್ಲಿ ರೊಟ್ಟಿ ಉಣ್ಣುವಾಗ ಮಾತ್ರ, "ಆ ಫ್ಯಾನು ದಿನಾ ತಿರಗತೈತಿ ತಮ್ಮಾ. ನನ್ನ ರೊಕ್ಕ ಒಂದ ಸಲ ತಿರುಗಿ ಹೋತು ನೋಡು" ಅಂದ. ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಈಗ ಮತ್ತೆ ಏಜಂಟರು ಊರಿಗೆ ಬರುತ್ತಿದ್ದಾರೆ. ಮನೆಮನೆಗೆ ಹೋಗಿ, "ನಿಮ್ಮ ಬಾಜೂದವರು ಆಗಲೇ ಒಪ್ಯಾರ" ಅನ್ನುತ್ತಿದ್ದಾರೆ. ಬಾಜೂದವರ ಮನೆಯಲ್ಲಿ ನಿಮ್ಮ ಹೆಸರು ಹೇಳುತ್ತಾರೆ! ಹೋದ ಚುನಾವಣೆಯಲ್ಲಿ ಎರಡೂ ಕಡೆಯವರು ಇದೇ ಕಟ್ಟೆಯ ಮೇಲೆ ನಿಂತು, ಗಾಳಿ ವಿದ್ಯುತ್ ತರುತ್ತೇವೆ, ಹುಡುಗರಿಗೆ ನೌಕರಿ ಕೊಡಿಸುತ್ತೇವೆ ಅಂದರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಎಷ್ಟು ನೌಕರಿ, ಯಾವ ನೌಕರಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಕಟ್ಟುವಾಗ ಬಹಳ ಜನಕ್ಕೆ ಕೆಲಸ, ಕಟ್ಟಿದ ಮೇಲೆ ಕಾವಲುಗಾರರು ಮತ್ತು ಕೆಲವೇ ತಂತ್ರಜ್ಞರಿಗೆ.

ಮುಂದಿನ ಸಲ ಯಾರೇ ಬರಲಿ, ಯಾವ ಪಕ್ಷದವರೇ ಬರಲಿ, ಗೌರವದಿಂದ ಚಹಾ ಕೊಟ್ಟು ಮೂರು ಪ್ರಶ್ನೆ ಕೇಳೋಣ. ಫ್ಯಾನಿನಿಂದ ನಮ್ಮ ಪಂಚಾಯತಿಗೆ ವರ್ಷಕ್ಕೆ ಎಷ್ಟು ಬರುವಂತೆ ಮಾಡುತ್ತೀರಿ? ಅದನ್ನು ಯಾವ ಕಾಯದೆಯಲ್ಲಿ ಬರೆಸುತ್ತೀರಿ? ನಿಮ್ಮ ಪಕ್ಷದ ದೊಡ್ಡವರು ಬೇಡ ಅಂದರೆ ನಮ್ಮ ಪರವಾಗಿ ನಿಲ್ಲುತ್ತೀರೋ ಇಲ್ಲವೋ?

ಕಂಪನಿಯವರಿಗೆ ಕೇಳುವ ಪ್ರಶ್ನೆಗಳು ಬೇರೆ. ಖರೀದಿಯೋ ಲಾವಣಿಯೋ? ಲಾವಣಿಯಾದರೆ ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಏರಿಕೆ? ತಯಾರಾದ ಯೂನಿಟ್ಟಿನ ಲೆಕ್ಕ ನಮಗೆ ತೋರಿಸುತ್ತೀರೋ? ದಾರಿ, ಒಡ್ಡು, ಹಳ್ಳ ಕೆಟ್ಟರೆ ಸರಿ ಮಾಡಿಕೊಡುವವರು ಯಾರು? ಕಂಪನಿ ಕೈ ಬದಲಾದರೆ ಹೊಸ ಮಾಲೀಕನಿಗೂ ಕರಾರು ಕಟ್ಟು ಬೀಳುತ್ತದೆಯೋ? ಯಂತ್ರದ ಆಯುಷ್ಯ ಇಪ್ಪತ್ತು, ಇಪ್ಪತ್ತೈದು ವರ್ಷ. ಅದು ಮುಗಿದ ಮೇಲೆ ಬಿಚ್ಚಿ ಒಯ್ದು ಹೊಲ ಮೊದಲಿನಂತೆ ಮಾಡಿಕೊಡಲು ಠೇವಣಿ ಇಡುತ್ತೀರೋ? ಉತ್ತರ ಬಾಯಿಂದ ಬೇಡ, ಕನ್ನಡದಲ್ಲಿ ಬರೆದ ಕಾಗದದ ಮೇಲೆ ಬೇಕು.

ಇದನ್ನು ಒಬ್ಬೊಬ್ಬರೇ ಕೇಳಿದರೆ ನಡೆಯುವುದಿಲ್ಲ. ಒಬ್ಬನೇ ಕೇಳಿದವನ ಹೊಲ ಬಿಟ್ಟು ಮುಂದಿನ ಹೊಲಕ್ಕೆ ಹೋಗುತ್ತಾರೆ. ಇಲ್ಲಿ ನಮ್ಮ ಸೊಸೈಟಿಯ ಕೆಲಸ ಇದೆ. ಅಮೇರಿಕದಲ್ಲೂ 1935ರ ಹೊತ್ತಿಗೆ ನೂರರಲ್ಲಿ ಹತ್ತು ಹನ್ನೊಂದು ರೈತರ ಮನೆಗಳಿಗೆ ಮಾತ್ರ ಕರೆಂಟು ಇತ್ತು. ಲಾಭವಿಲ್ಲ ಎಂದು ಕಂಪನಿಗಳು ಹಳ್ಳಿಗೆ ತಂತಿ ಎಳೆಯಲಿಲ್ಲ. ಆಗ ಅಧ್ಯಕ್ಷ ರೂಸ್ವೆಲ್ಟ್ ಸರ್ಕಾರ ಸಾಲ ಕೊಟ್ಟಿತು, ರೈತರು ಸಹಕಾರ ಸಂಘ ಕಟ್ಟಿ ತಾವೇ ಕಂಬ ನೆಟ್ಟರು. ಅಲ್ಲಿಗೆ ಯಾಕೆ ಹೋಗಬೇಕು? ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದೆ. ಇನ್ನು ನಮ್ಮ ನಾಡಿನಲ್ಲಿ ಸಹಕಾರ ಹುಟ್ಟಿದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ಸಾವಕಾರನ ಮುಂದೆ ಒಬ್ಬೊಬ್ಬನೇ ನಿಂತರೆ ರೈತ ಉಳಿಯುವುದಿಲ್ಲ ಎಂದು ಕಂಡೇ ಸಂಘ ಕಟ್ಟಿದರು. ಅಂದಿನ ಸಾವಕಾರನ ಜಾಗದಲ್ಲಿ ಇಂದು ಕಂಪನಿಯ ಕರಾರು ಪತ್ರ ಬಂದಿದೆ, ಅಷ್ಟೇ ಫರಕು.

ಒಂದು ಸೂಚನೆ ಇಟ್ಟು ಮುಗಿಸುತ್ತೇನೆ. ಸದಸ್ಯರಲ್ಲಿ ಅನೇಕರ ಉತಾರದ ಮೇಲೆ ಸೊಸೈಟಿಯ ಬೋಜಾ ಇದೆ. ಹೊಲ ಬರೆದುಕೊಡಬೇಕಾದರೆ ಅದನ್ನು ಇಳಿಸಲು ಕಾರ್ಯದರ್ಶಿಗಳ ಹತ್ತಿರ ಬರಲೇಬೇಕು. ಆ ಹೊತ್ತಿಗೆ, ತಡೆಯುವುದಕ್ಕಲ್ಲ, ತಿಳಿಸಿ ಹೇಳುವುದಕ್ಕೆ, ಆ ಪ್ರಶ್ನೆಗಳ ಒಂದು ಹಾಳೆಯನ್ನು ಕೈಗೆ ಕೊಡಿರಿ. ವರ್ಷದಲ್ಲಿ ಒಂದೆರಡು ದಿನ ಒಬ್ಬ ವಕೀಲರನ್ನು ಕರೆಸಿ ಕಾಗದ ಓದಿಸಿರಿ. ಬರುವ ಸರ್ವಸಾಧಾರಣ ಸಭೆಯಲ್ಲಿ, ಯಾರೂ ಒಬ್ಬರೇ ಸಹಿ ಮಾಡುವುದಿಲ್ಲ ಎಂದು ಒಂದು ಠರಾವು ಆಗಲಿ. ಓದಿ ಹೇಳುವ ಕೆಲಸಕ್ಕೆ ನಾನು ಬರುತ್ತೇನೆ. ಈ ಸಲ ದರ ಒಂದನ್ನೇ ನೋಡುವುದಿಲ್ಲ, ಕಡೆಯ ಸಾಲಿನವರೆಗೂ ಓದುತ್ತೇನೆ. ಅಣ್ಣನಿಗೆ ನಾನು ಕೊಡಬೇಕಾದ ಬಾಕಿ ಅದು.

 ಸಂಘ ಬೆಳ್ಳಿಯಿಂದ ಬಂಗಾರಕ್ಕೆ ಬೆಳೆಯಲಿ.